ಒಡವೆ ವಾಪಸ್ ಕಳಿಸಿದ ರಾಣಿ: ಉಳ್ಳಾಲ, ಬಂಗರು ಮತ್ತು 1623ರ ಇಕ್ಕೇರಿ ರಾಯಭಾರ – ಒಂದು ಪ್ರಕರಣ ಅಧ್ಯಯನ

ನೇತ್ರಾವತಿಯ ಆಚೆ ದಡದಲ್ಲಿ ಉಳ್ಳಾಲದ ಚೌಟರು, ಈಚೆ ದಡದಲ್ಲಿ ಮಂಗಳೂರು ಕಡೆಯ ಬಂಗರು. ಈಗ ಸ್ಟೇಟ್‌ಬ್ಯಾಂಕ್‌ನಿಂದ ಬಸ್ ಹತ್ತಿದ್ರೆ ಸೇತುವೆ ದಾಟಿ ತೊಕ್ಕೊಟ್ಟು, ಅಲ್ಲಿಂದ ಉಳ್ಳಾಲ, ಅಷ್ಟೇ ದೂರ. ಆದ್ರೆ ಹದಿನಾರು-ಹದಿನೇಳನೇ ಶತಮಾನದಲ್ಲಿ ಇವು ಎರಡು ಬೇರೆ ಬೇರೆ ರಾಜ್ಯ, ಎರಡಕ್ಕೂ ಅವರವರದ್ದೇ ಸೈನ್ಯ, ಅವರವರದ್ದೇ ಬಂದರು, ಗೋವಾದ ಪೋರ್ಚುಗೀಸರ ಜೊತೆ ಅವರವರದ್ದೇ ಲೆಕ್ಕಾಚಾರ. ಈ ಎರಡು ಮನೆತನದ ನಡುವೆ ಒಂದು ಮದುವೆ ಆಯ್ತು, ಆಮೇಲೆ ಆ ಮದುವೆ ಮುರೀತು, ಮುರಿದ ಮೇಲೆ ಇಕ್ಕೇರಿಯ ನಾಯಕ, ಗೋವಾದ ವೈಸ್‌ರಾಯ್ ಎಲ್ರೂ ಇದಕ್ಕೆ ಬಂದು ಸೇರಿಕೊಂಡ್ರು. ನಮ್ಮ ಊರಲ್ಲಿ ಈ ಕಥೆಯನ್ನು ಹೇಳುವಾಗ ಒಂದೋ ಗಂಡ ಹೆಂಡತಿ ಜಗಳ ಅಂತ ಹೇಳ್ತಾರೆ, ಇಲ್ಲದಿದ್ರೆ ದೇಶಭಕ್ತೆ ಹೆಂಡತಿ, ದ್ರೋಹಿ ಗಂಡ ಅಂತ ಹೇಳಿ ಮುಗಿಸ್ತಾರೆ. ನನಗೆ ಎರಡೂ ಸಾಕಾಗುದಿಲ್ಲ. ಇದು ಎರಡು ರಾಜ್ಯಗಳ ನಡುವಿನ ರಾಜತಾಂತ್ರಿಕ ವ್ಯವಹಾರ, ಅದನ್ನು ನಡೆಸಿದ್ದು ಒಂದು ಕುಟುಂಬದ ಮೂಲಕ, ಹಾಗೆ ನೋಡಿದ್ರೆ ಮಾತ್ರ ಇದರ ಒಳಗೆ ಎಂತ ಉಂಟು ಅಂತ ಕಾಣುದು.

ಮೊದಲೇ ಹೇಳ್ತೇನೆ, ಅಬ್ಬಕ್ಕ ಅನ್ನುವ ಹೆಸರಲ್ಲಿ ಉಳ್ಳಾಲವನ್ನು ಆಳಿದ್ದು ಒಬ್ಬಳಾ, ಇಬ್ಬರಾ, ಇನ್ನೂ ಜಾಸ್ತಿಯಾ ಅನ್ನುವ ಬಗ್ಗೆ ಇತಿಹಾಸಕಾರರ ನಡುವೆ ಚರ್ಚೆ ಉಂಟು. 1560ರ ದಶಕದಲ್ಲಿ ಪೋರ್ಚುಗೀಸರ ಜೊತೆ ಹೋರಾಡಿದ ಅಬ್ಬಕ್ಕ ಮತ್ತು 1623ರಲ್ಲಿ ಗದ್ದುಗೆಯಲ್ಲಿದ್ದ ಅಬ್ಬಕ್ಕ ಒಬ್ಬರೇ ಆಗಿರ್ಲಿಕ್ಕೆ ಸಾಧ್ಯ ಇಲ್ಲ, ವಯಸ್ಸಿನ ಲೆಕ್ಕವೇ ಕೂಡಿ ಬರುದಿಲ್ಲ. ನಾನಿಲ್ಲಿ ತೆಗೆದುಕೊಂಡದ್ದು ಎರಡನೆಯ ಕಾಲದ ಪ್ರಕರಣ. ಕಾರಣ ಇಷ್ಟೇ, ಆಗ ಇದನ್ನೆಲ್ಲ ಹತ್ತಿರದಿಂದ ನೋಡಿ ಬರೆದಿಟ್ಟ ಒಬ್ಬ ಮನುಷ್ಯ ಇದ್ದ. ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ. ಅವನು ವ್ಯಾಪಾರಿಯೂ ಅಲ್ಲ, ಪಾದ್ರಿಯೂ ಅಲ್ಲ, ಸೈನಿಕನೂ ಅಲ್ಲ, ನೋಡ್ಲಿಕ್ಕೆ ಅಂತಲೇ ಊರು ಬಿಟ್ಟು ತುರ್ಕಿ, ಪರ್ಶಿಯಾ ಎಲ್ಲ ಸುತ್ತಿ 1623ರಲ್ಲಿ ಸೂರತ್‌ಗೆ ಬಂದವ, ಅಲ್ಲಿಂದ ಗೋವಾಕ್ಕೆ. ಅದೇ ವರ್ಷ ಅಕ್ಟೋಬರದಲ್ಲಿ ಗೋವಾದಿಂದ ಇಕ್ಕೇರಿಗೆ ಒಂದು ರಾಯಭಾರ ಹೊರಟಾಗ ಇವನೂ ಜೊತೆಗೆ ಹೊರಟ. ಯಾಕೆ ಆ ರಾಯಭಾರ ಅಂದ್ರೆ, ನಾಡು ಕಳಕೊಂಡ ಬಂಗರಸನ, ಅಂದ್ರೆ ಬಂಗರ ಅರಸನ, ವಿಷಯ ಮಾತಾಡ್ಲಿಕ್ಕೆ.

ಸ್ವಲ್ಪ ಹಿಂದೆ ಹೋಗ್ಬೇಕು. 1565ರಲ್ಲಿ ರಕ್ಕಸಗಿ-ತಂಗಡಗಿ ಯುದ್ಧ ಆಗಿ ವಿಜಯನಗರ ಬಿದ್ದ ಮೇಲೆ ಕರಾವಳಿಯ ಸಣ್ಣ ಅರಸರಿಗೆ ಮೇಲೊಬ್ಬ ಹಿರಿಯ ಅಂತ ಇಲ್ಲದ ಹಾಗಾಯ್ತು. ಚೌಟರು, ಬಂಗರು, ಅಜಿಲರು, ಮುಲ್ಕಿಯ ಸಾವಂತರು, ಕಾರ್ಕಳದ ಭೈರರಸರು, ಎಲ್ರೂ ಅವರವರ ಪಾಡಿಗೆ. ಪೋರ್ಚುಗೀಸರು 1568ರಲ್ಲಿ ಮಂಗಳೂರಲ್ಲಿ ಕೋಟೆ ಕಟ್ಟಿದ್ರು, ಮರು ವರ್ಷ ಹೊನ್ನಾವರ, ಬಸ್ರೂರು ಹಿಡಿದ್ರು. ಅವರಿಗೆ ಇಲ್ಲಿಂದ ಬೇಕಾದ್ದು ಎರಡು ವಸ್ತು, ಅಕ್ಕಿ ಮತ್ತು ಒಳ್ಳೆಮೆಣಸು. ಗೋವಾದ ಜನರ ಹೊಟ್ಟೆಗೆ ನಮ್ಮ ಕರಾವಳಿಯ ಅಕ್ಕಿ, ಲಿಸ್ಬನ್ ಹಡಗಿಗೆ ಘಟ್ಟದ ಮೆಣಸು. ಇತ್ತ ಘಟ್ಟದ ಮೇಲೆ, ಇಕ್ಕೇರಿಯಲ್ಲಿ ರಾಜಧಾನಿ ಇದ್ದ ಕೆಳದಿ ಮನೆತನದ ವೆಂಕಟಪ್ಪ ನಾಯಕ ಬೆಳೀತಾ ಬಂದ. ಮೆಣಸಿನ ರಾಣಿ ಅಂತ ಪೋರ್ಚುಗೀಸರೇ ಕರೀತಿದ್ದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ರಾಜ್ಯವನ್ನೂ ಅವನು ಸೇರಿಸಿಕೊಂಡ. ದೆಲ್ಲಾ ವಾಲ್ಲೆ ಆ ದಾರಿಯಲ್ಲಿ ಹೋಗುವಾಗ ಗೇರುಸೊಪ್ಪೆ ಪಾಳುಬಿದ್ದಿತ್ತು. ಅಂದ್ರೆ ಮೆಣಸು ಬೇಕಿದ್ರೆ ಪೋರ್ಚುಗೀಸರು ಈಗ ಹೋಗ್ಬೇಕಾದ್ದು ಒಬ್ಬನೇ ಒಬ್ಬನ ಬಾಗಿಲಿಗೆ.

ಇಂಥ ಹೊತ್ತಲ್ಲಿ ಚೌಟರಿಗೂ ಬಂಗರಿಗೂ ಸಂಬಂಧ ಆದದ್ದು. ನದಿಯ ಎರಡೂ ದಡ ಒಂದಾದ್ರೆ ಅಳಿವೆ ಇವರ ಕೈಯಲ್ಲಿ, ಕೋಟೆಯಲ್ಲಿ ಕೂತ ಪೋರ್ಚುಗೀಸರು ಮಧ್ಯದಲ್ಲಿ ಸಿಕ್ಕಿ ಹಾಕಿಕೊಳ್ತಾರೆ. ನಕ್ಷೆ ತೆಗೆದು ನೋಡಿದ್ರೆ ಈ ಮದುವೆಯ ಬೆಲೆ ಎಂತ ಅಂತ ಯಾರಿಗಾದ್ರೂ ಗೊತ್ತಾಗ್ತದೆ.

ಆದ್ರೆ ಇಲ್ಲೊಂದು ವಿಷಯ ಉಂಟು, ತುಳುನಾಡಿನವರಿಗೆ ಹೇಳದೇ ಅರ್ಥ ಆಗ್ತದೆ, ಹೊರಗಿನವರಿಗೆ ಬಿಡಿಸಿ ಹೇಳ್ಬೇಕು. ಎರಡೂ ಮನೆತನ ಅಳಿಯಸಂತಾನ. ಅರಸನ ಆಸ್ತಿ, ಗದ್ದುಗೆ ಅವನ ಮಗನಿಗೆ ಹೋಗುದಲ್ಲ, ಅಕ್ಕ ತಂಗಿಯ ಮಗನಿಗೆ ಹೋಗುದು. ರಾಣಿಯ ಮಕ್ಕಳು ರಾಣಿಯ ಕುಟುಂಬದವರು. ಹಾಗಾಗಿ ಉಳ್ಳಾಲದ ರಾಣಿ ಬಂಗರಸನನ್ನು ಮದುವೆ ಆದ್ರೂ ಅವಳು ಉಳ್ಳಾಲದ ರಾಣಿಯೇ, ಅವನು ಬಂಗರ ಅರಸನೇ, ಅವಳ ರಾಜ್ಯ ಅವಳದ್ದು, ಅವನದ್ದು ಅವನದ್ದು. ದೆಲ್ಲಾ ವಾಲ್ಲೆಗೆ ಇದು ವಿಶೇಷ ಅನ್ನಿಸಿ ಬರೆದಿಟ್ಟಿದ್ದಾನೆ, ರಾಣಿಯ ಮಗನನ್ನೂ ಅವನು ಚೌಟ ಅಂತಲೇ ಗುರುತಿಸ್ತಾನೆ.

ಯುರೋಪಿನ ಅರಸು ಮದುವೆಯನ್ನು ಇದರ ಪಕ್ಕ ಇಟ್ಟು ನೋಡಿ. ಪೋರ್ಚುಗಲ್‌ನ ರಾಜಕುಮಾರಿ ಕ್ಯಾಥರೀನ್ ಬ್ರಗಾಂಜಾಳನ್ನು ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ಗೆ ಕೊಡುವ ಒಪ್ಪಂದ 1661ರಲ್ಲಿ ಆದಾಗ ವರದಕ್ಷಿಣೆಯಾಗಿ ಹೋದದ್ದು ಮುಂಬಯಿ ಮತ್ತು ಟಾಂಜಿಯರ್. ಮುಂಬಯಿಯಲ್ಲಿ ಇದ್ದವರನ್ನು ಯಾರೂ ಕೇಳಿಲ್ಲ, ಗೋವಾದ ವೈಸ್‌ರಾಯ್‌ಗೇ ಇದು ಇಷ್ಟ ಇರಲಿಲ್ಲ, ಅವನು ಎಳೆದು ಎಳೆದು ಕಡೆಗೆ 1665ರಲ್ಲಿ ಬಿಟ್ಟುಕೊಟ್ಟ. ಅಲ್ಲಿ ಮದುವೆ ಅಂದ್ರೆ ಭೂಮಿ ಕೈ ಬದಲಾಗುದು. ನಮ್ಮಲ್ಲಿ ಮದುವೆಯಿಂದ ಒಂದು ಅಂಗೈಯಷ್ಟು ಜಾಗವೂ ಆಚೆ ಈಚೆ ಆಗುದಿಲ್ಲ. ನನ್ನ ಲೆಕ್ಕದಲ್ಲಿ ಇದು ಹೆಚ್ಚು ಮರ್ಯಾದೆಯ ವ್ಯವಸ್ಥೆ, ಯಾಕಂದ್ರೆ ರಾಣಿ ಇಲ್ಲಿ ಒಪ್ಪಂದದ ವಸ್ತು ಅಲ್ಲ, ಒಪ್ಪಂದ ಮಾಡುವವಳೇ ಅವಳು. ಆದ್ರೆ ಇದಕ್ಕೊಂದು ದುರ್ಬಲ ಜಾಗ ಕೂಡ ಉಂಟು. ಎರಡೂ ಗದ್ದುಗೆಗೆ ಒಬ್ಬನೇ ವಾರಸುದಾರ ಹುಟ್ಟುವ ಸಾಧ್ಯತೆಯೇ ಇಲ್ಲ. ಈ ಸಂಬಂಧವನ್ನು ಮುಂದಿನ ತಲೆಮಾರಿಗೆ ಎಳೆದುಕೊಂಡು ಹೋಗುವವರು ಯಾರೂ ಇಲ್ಲ, ಅದು ಆ ಇಬ್ಬರ ನಡುವೆ ಎಷ್ಟು ದಿನ ಸರಿ ಇರ್ತದೋ ಅಷ್ಟೇ ದಿನ.

ಸರಿ ಇರಲಿಲ್ಲ. ಯಾಕೆ ಮುರೀತು ಅನ್ನುದಕ್ಕೆ ಜನಪದದಲ್ಲಿ ಬೇರೆ ಬೇರೆ ಕಾರಣ ಹೇಳ್ತಾರೆ, ಪೋರ್ಚುಗೀಸರಿಗೆ ಕಪ್ಪ ಕೊಡುವ ವಿಷಯ ಅಂತ ಹೆಚ್ಚಿನವರು ಹೇಳುದು. ಮುರಿದ ರೀತಿ ಮಾತ್ರ ದಾಖಲೆಯಲ್ಲಿ ಉಂಟು. ರಾಣಿ ಗಂಡ ಕೊಟ್ಟ ಒಡವೆಗಳನ್ನೆಲ್ಲ ವಾಪಸ್ ಕಳಿಸಿಕೊಟ್ಟಳು. ಮದುವೆಯಿಂದ ಬಿಡುಗಡೆ ಅಂದ್ರೆ ಅದು. ಇವತ್ತು ಒಂದು ದೇಶ ತನ್ನ ರಾಯಭಾರಿಯನ್ನು ವಾಪಸ್ ಕರೆಸಿಕೊಂಡು ಒಪ್ಪಂದದಿಂದ ಹೊರಗೆ ಬಂದೆ ಅಂತ ಪತ್ರ ಬರೆಯುದಕ್ಕೂ ಇದಕ್ಕೂ ನನಗೆ ಯಾವ ವ್ಯತ್ಯಾಸವೂ ಕಾಣುದಿಲ್ಲ. ಊರೆಲ್ಲ ನೋಡುವ ಹಾಗೆ ಒಡವೆ ನದಿ ದಾಟಿ ಹೋಯ್ತು ಅಂದ್ರೆ ಎರಡು ರಾಜ್ಯದ ಸೈನಿಕರಿಗೆ, ವ್ಯಾಪಾರಿಗಳಿಗೆ, ಕೋಟೆಯಲ್ಲಿದ್ದ ಪೋರ್ಚುಗೀಸರಿಗೆ ಎಲ್ಲರಿಗೂ ವಿಷಯ ಗೊತ್ತಾಯ್ತು.

ಬಂಗರಸ ಸುಮ್ಮನೆ ಕೂರಲಿಲ್ಲ. ದೆಲ್ಲಾ ವಾಲ್ಲೆ ಕೇಳಿ ಬರೆದ ಪ್ರಕಾರ ರಾಣಿ ಸ್ವಲ್ಪ ಜನರ ಜೊತೆ ದೋಣಿಯಲ್ಲಿ ನದಿಯಲ್ಲಿ ಹೋಗ್ತಿದ್ದಾಗ ಅವನು ಅವಳನ್ನು ಹಿಡಿಸಿದ, ಅವಳು ಅವನ ಹತ್ತಿರ ಜಾಣತನದಿಂದ ಮಾತಾಡಿ ಬಿಡಿಸಿಕೊಂಡು ಬಂದಳು, ಬಂದವಳೇ ಯುದ್ಧಕ್ಕೆ ತಯಾರಿ ಮಾಡಿದಳು. ಇಲ್ಲಿ ನಾನು ಸ್ವಲ್ಪ ನಿಲ್ಲಿಸಿ ಹೇಳ್ಬೇಕು, ಒಬ್ಬ ಅರಸ ಪಕ್ಕದ ರಾಜ್ಯದ ಆಳುವ ರಾಣಿಯನ್ನು ದಾರಿಯಲ್ಲಿ ಸೆರೆ ಹಿಡಿಯುದು ಅಂದ್ರೆ ಅದು ಗಂಡ ಹೆಂಡತಿಯನ್ನು ಮನೆಗೆ ಎಳೆದುಕೊಂಡು ಬಂದ ಹಾಗೆ ಅಲ್ಲ, ಅದನ್ನು ಮನೆ ಜಗಳ ಅಂತ ಹೇಳಿದ್ರೆ ಅವಳ ಪದವಿಯನ್ನೇ ಅಳಿಸಿ ಹಾಕಿದ ಹಾಗೆ ಆಗ್ತದೆ. ಬಂಗರಸನ ತಪ್ಪು ಇಲ್ಲಿಯೇ ಅಂತ ನನ್ನ ಅಭಿಪ್ರಾಯ. ಸಂಬಂಧ ಮುರಿದ ಮೇಲೂ ನೆರೆಯವರಾಗಿ ಇರ್ಲಿಕ್ಕೆ ಒಂದು ದಾರಿ ಇತ್ತು, ಒಡವೆ ವಾಪಸ್ ಬಂದಾಗ ಲೆಕ್ಕ ಚುಕ್ತಾ ಆಗಿತ್ತು. ಹಿಡಿಸಿ ಕೂರಿಸಿದ ಮೇಲೆ ಆ ದಾರಿ ಮುಚ್ಚಿತು.

ಆಮೇಲೆ ಇಬ್ಬರೂ ಹೊರಗಿನವರನ್ನು ಕರೆದ್ರು. ಬಂಗರಸನ ಕಡೆ ಪೋರ್ಚುಗೀಸರು, ರಾಣಿಯ ಕಡೆ ವೆಂಕಟಪ್ಪ ನಾಯಕ. ವೆಂಕಟಪ್ಪನ ಸೈನ್ಯ ಘಟ್ಟ ಇಳಿದು ಬಂತು, ಪೋರ್ಚುಗೀಸರು ಕಳಿಸಿದ ಸಹಾಯ ಸಾಕಾಗ್ಲಿಲ್ಲ, ಬಂಗರ ಕೋಟೆ ಹೋಯ್ತು, ಬಂಗರಸ ನಾಡು ಬಿಟ್ಟು ಓಡ್ಬೇಕಾಯ್ತು. ಇದೆಲ್ಲ 1618ರ ಆಸುಪಾಸಿನ ಮಾತು. ಗೆದ್ದದ್ದು ರಾಣಿ ಅಂತ ಕಾಣ್ತದೆ. ಆದ್ರೆ ಸಹಾಯ ಮಾಡಿದ್ದಕ್ಕೆ ಅವಳು ತನ್ನ ರಾಜ್ಯದ ಒಂದು ಒಳ್ಳೆಯ ಭಾಗವನ್ನೇ ವೆಂಕಟಪ್ಪನಿಗೆ ಬಿಟ್ಟುಕೊಡ್ಬೇಕಾಯ್ತು. ಮದುವೆಯಲ್ಲಿ ಒಂದು ಗದ್ದೆಯೂ ಕೈ ಬಿಟ್ಟು ಹೋಗದ ರಾಜ್ಯದಲ್ಲಿ, ಮದುವೆ ಮುರಿದ ಜಗಳದಲ್ಲಿ ಸೀಮೆಯೇ ಹೋಯ್ತು.

ಈಗ ಗೋವಾ ಎಂತ ಮಾಡ್ತದೆ? ಬಂಗರಸ ಅವರ ಮಿತ್ರ, ಅವರನ್ನು ನಂಬಿ ಎಲ್ಲ ಕಳಕೊಂಡವ. ಕೈ ಬಿಟ್ರೆ ಕರಾವಳಿಯ ಉಳಿದ ಅರಸರು ಪೋರ್ಚುಗೀಸರ ಮಾತಿಗೆ ಬೆಲೆ ಕೊಡುದಿಲ್ಲ. ಕೈ ಹಿಡಿದ್ರೆ ಮೆಣಸಿನ ಯಜಮಾನನ ಜೊತೆ ಯುದ್ಧ. ಆಗ ವೈಸ್‌ರಾಯ್ ಆಗಿದ್ದವ ಫ್ರಾನ್ಸಿಸ್ಕೊ ದ ಗಾಮಾ, ವಾಸ್ಕೊ ದ ಗಾಮನ ವಂಶದವ. ಅವನು ಬರುವಾಗಲೇ 1622ರ ಜುಲೈಯಲ್ಲಿ ಮೊಜಾಂಬಿಕ್ ಹತ್ತಿರ ಡಚ್ಚರು, ಇಂಗ್ಲಿಷರು ಸೇರಿ ಅವನ ದೊಡ್ಡ ಹಡಗುಗಳನ್ನು ಹಾಳು ಮಾಡಿದ್ರು, ಅದೇ ವರ್ಷ ಪರ್ಶಿಯಾದವರು ಇಂಗ್ಲಿಷರ ಸಹಾಯದಿಂದ ಹೊರ್ಮುಜ್ ಕಿತ್ತುಕೊಂಡ್ರು. ಲಿಸ್ಬನ್‌ನಿಂದ ಹಡಗು ಸರಿಯಾಗಿ ಬರ್ತಿಲ್ಲ, ಹಡಗು ಬಾರದಿದ್ರೆ ದುಡ್ಡಿಲ್ಲ, ದುಡ್ಡಿಲ್ಲದಿದ್ರೆ ಮೆಣಸಿಗೆ ಪೇಮೆಂಟ್ ಇಲ್ಲ. ಇಂಥ ಸ್ಥಿತಿಯಲ್ಲಿ ಇಕ್ಕೇರಿ ಮೇಲೆ ದಂಡೆತ್ತಿ ಹೋಗುದು ಎಲ್ಲಿಂದ? ಅದಕ್ಕೇ ರಾಯಭಾರ. ಜುವಾಂವ್ ಫೆರ್ನಾಂಡಿಸ್ ಲೈತಾಂವ್ ಅನ್ನುವವನನ್ನು ಕಳಿಸಿದ್ರು.

ಅವನ ಜೊತೆ ವಾಪಸ್ ಹೊರಟವ ವೆಂಕಟಪ್ಪನ ಕಡೆಯ ರಾಯಭಾರಿ, ಗೋವಾದಲ್ಲಿ ಇದ್ದ ವಿಠ್ಠಲ ಶೆಣೈ. ಮಂಗಳೂರಿನವರಿಗೆ ಈ ಹೆಸರು ಕೇಳಿದ ಕೂಡ್ಲೇ ಗೊತ್ತಾಗ್ತದೆ ಎಂಥ ಮನುಷ್ಯ ಅಂತ: ಕೊಂಕಣಿ ಮನೆಮಾತು, ಗೋವಾ ಕಡೆಯ ವ್ಯವಹಾರ ಗೊತ್ತು, ಘಟ್ಟದ ಮೇಲಿನ ದರ್ಬಾರಿನ ರೀತಿಯೂ ಗೊತ್ತು. ಅರಸು ಮನೆತನಗಳು ಹೆಸರು, ಸಂಬಂಧ, ಉಡುಗೊರೆ ಇದನ್ನೆಲ್ಲ ಕೊಡ್ತಾವೆ, ಆದ್ರೆ ಕೂತು ಒಂದೊಂದು ಶರ್ತ ಮಾತಾಡಿ ಸರಿ ಮಾಡುದು ಇಂಥವರು. ಈ ಕಥೆಯಲ್ಲಿ ವಿಠ್ಠಲ ಶೆಣೈಗೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ ಅಂತ ನನಗೆ ನಿಜವಾಗಿ ಬೇಜಾರು ಉಂಟು. ಎರಡು ಭಾಷೆ ಎರಡು ದರ್ಬಾರು ಬಲ್ಲ ಇಂಥ ಕರಾವಳಿಯ ಜನ ಇಲ್ಲದಿದ್ರೆ ಇಕ್ಕೇರಿಯ ಮಾತು ಗೋವಾಕ್ಕೆ ಮುಟ್ಟುದೇ ಕಷ್ಟ ಇತ್ತು.

ಹೊನ್ನಾವರ, ಗೇರುಸೊಪ್ಪೆ, ಘಟ್ಟ ಹತ್ತಿ ನವೆಂಬರ್‌ನಲ್ಲಿ ಇಕ್ಕೇರಿ. ವೆಂಕಟಪ್ಪ ಮರ್ಯಾದೆ ಮಾಡಿದ, ದರ್ಬಾರು, ಮೆರವಣಿಗೆ, ಉಡುಗೊರೆ ಎಲ್ಲ ಕ್ರಮಪ್ರಕಾರ ಆಯ್ತು. ಆದ್ರೆ ಬಂಗರ ನಾಡನ್ನು ವಾಪಸ್ ಕೊಡ್ಲಿಕ್ಕೆ ಒಪ್ಪಲಿಲ್ಲ. ಬಂಗರಸನ ಜೀವನಕ್ಕೆ ವರ್ಷಕ್ಕೆ ಇಷ್ಟು ವರಹ ಕೊಡ್ತೇನೆ ಅಂತ ಹೇಳಿದ, ಅಷ್ಟೇ. ಅರಸನನ್ನು ಪಿಂಚಣಿದಾರ ಮಾಡುವ ಮಾತು. ಲೈತಾಂವ್ ಕೈಯಲ್ಲಿ ಇದಕ್ಕಿಂತ ಜಾಸ್ತಿ ಕೇಳುವ ಬಲ ಇರಲಿಲ್ಲ. ಮೆಣಸು ಬೇಕು, ದುಡ್ಡು ತಡ ಆಗ್ತದೆ, ಇದೆರಡನ್ನೂ ಒಟ್ಟಿಗೆ ಹೇಳಿಕೊಂಡು ಮೂರನೆಯದಾಗಿ ನಮ್ಮ ಮಿತ್ರನ ರಾಜ್ಯ ಬಿಟ್ಟುಕೊಡಿ ಅಂದ್ರೆ ಯಾರು ಕೇಳ್ತಾರೆ ಮಾರಾಯ್ರೆ.

ರಾಯಭಾರದಿಂದ ಬೇರೆಯಾಗಿ ದೆಲ್ಲಾ ವಾಲ್ಲೆ ಘಟ್ಟ ಇಳಿದು ಬಸ್ರೂರಿಗೆ ಬಂದ, ಅಲ್ಲಿಂದ ಮಂಗಳೂರು. ಕದ್ರಿಯ ಜೋಗಿ ಅರಸನನ್ನು, ಅಂದ್ರೆ ಅಲ್ಲಿಯ ಜೋಗಿಗಳ ಮುಖ್ಯಸ್ಥನನ್ನು, ನೋಡಿದ. ಡಿಸೆಂಬರ್‌ನಲ್ಲಿ ಉಳ್ಳಾಲದ ರಾಣಿಯನ್ನು ಕಾಣ್ಲಿಕ್ಕೆ ಹೋದ. ಅವಳು ಅರಮನೆಯಲ್ಲಿ ಇರಲಿಲ್ಲ. ಗದ್ದೆಗೆ ನೀರು ಬರ್ಲಿಕ್ಕೆ ಕಾಲುವೆ ತೋಡಿಸ್ತಿದ್ದಳು, ಅಲ್ಲೇ ನಿಂತು ಕೆಲಸ ನೋಡ್ತಿದ್ದಳು. ಬರಿಗಾಲು, ಸೊಂಟಕ್ಕೆ ಹತ್ತಿ ಬಟ್ಟೆ, ತಲೆ ಮೇಲೊಂದು ಬಟ್ಟೆ, ಬಿಸಿಲಿಗೆ ಓಲೆ ಕೊಡೆ, ಮುಂದೆ ಕತ್ತಿ ಗುರಾಣಿ ಹಿಡಿದ ಕೆಲವು ಕಾಲಾಳು. ಅವನ ಕಣ್ಣಿಗೆ ಅವಳು ರಾಣಿ ಹಾಗೆ ಕಾಣಲಿಲ್ಲ, ಅಡಿಗೆ ಕೆಲಸದವಳ ಹಾಗೆ ಅಂತ ಬರೆದ, ಆದ್ರೆ ಮಾತು ಕೇಳಿದ ಮೇಲೆ ಬುದ್ಧಿವಂತೆ, ಗಾಂಭೀರ್ಯ ಉಂಟು ಅಂತ ಒಪ್ಪಿಕೊಂಡ. ದುಭಾಷಿ ಮೂಲಕ ಅವಳು ಅವನ ದೇಶ ಯಾವುದು, ಯಾಕೆ ಇಷ್ಟು ದೂರ ತಿರುಗ್ತಿದ್ದಾನೆ ಅಂತೆಲ್ಲ ವಿಚಾರಿಸಿದಳು. ಆಮೇಲೆ ಅವಳ ಮಗ ಅವನನ್ನು ಕರೆಸಿ ಊಟ ಹಾಕಿಸಿದ.

ಈ ಭಾಗ ಓದುವಾಗ ಹೆಚ್ಚಿನವರು ಆ ಅಡಿಗೆಯವಳು ಅನ್ನುವ ಮಾತಿಗೆ ಸಿಟ್ಟು ಮಾಡಿಕೊಂಡು ಮುಂದೆ ಹೋಗ್ತಾರೆ. ನಾನು ಹೇಳುದು, ಆ ಕಾಲುವೆಯನ್ನು ನೋಡಿ ಅಂತ. ಉಳ್ಳಾಲದ ಶಕ್ತಿ ಇದ್ದದ್ದೇ ಅಕ್ಕಿಯಲ್ಲಿ. ಗೋವಾಕ್ಕೆ ಬೇಕಾದ್ದು ಅದು, ಮಲಬಾರಿಗೆ ಹೋಗುದು ಅದು, ಪೋರ್ಚುಗೀಸರು ಸಣ್ಣ ಅರಸರಿಂದ ಕಪ್ಪ ಅಂತ ಕೇಳ್ತಿದ್ದದ್ದೂ ಅಕ್ಕಿಯನ್ನೇ. ಒಳ್ಳೆಯ ಸೀಮೆ ವೆಂಕಟಪ್ಪನಿಗೆ ಹೋದ ಮೇಲೆ ಉಳಿದ ಭೂಮಿಯಲ್ಲಿ ಬೆಳೆ ಜಾಸ್ತಿ ತೆಗೀಬೇಕು, ಇಲ್ಲದಿದ್ರೆ ಮುಂದಿನ ಸಲ ಯಾರ ಜೊತೆಗೂ ಮಾತಾಡ್ಲಿಕ್ಕೆ ಕೈಯಲ್ಲಿ ಎಂತದೂ ಇರುದಿಲ್ಲ. ಮದುವೆ ಸಂಬಂಧ ಹೋಯ್ತು, ನೆರೆಯ ಅರಸ ಹೋದ, ಇಕ್ಕೇರಿಯ ಸ್ನೇಹ ಅಂದ್ರೆ ಅದು ತಲೆ ಮೇಲಿನ ಭಾರ. ಹಾಗಾಗಿ ಬರಿಗಾಲಲ್ಲಿ ಬಿಸಿಲಲ್ಲಿ ನಿಂತು ತೋಡು ತೋಡಿಸುದು ಅವಳ ರಾಜತಾಂತ್ರಿಕತೆಯದ್ದೇ ಕೆಲಸ. ದೂರದಿಂದ ಬಂದ ಅತಿಥಿಯನ್ನು ಅಲ್ಲೇ ನಿಂತು ಮಾತಾಡಿಸಿದ್ದೂ, ಮಗ ಊಟ ಹಾಕಿಸಿದ್ದೂ ಅದರದ್ದೇ ಭಾಗ, ಯಾಕಂದ್ರೆ ಆ ಮನುಷ್ಯ ಈಗಷ್ಟೇ ಇಕ್ಕೇರಿ ದರ್ಬಾರು ನೋಡಿ ಬಂದವ, ಅಲ್ಲಿ ಎಂತ ಮಾತಾಯ್ತು ಅನ್ನುದು ಅವನಿಗೆ ಗೊತ್ತಿತ್ತು.

ಅರಸು ಮನೆತನಗಳು ದೇಶ ದೇಶಗಳ ನಡುವೆ ಏನು ಮಾಡ್ಲಿಕ್ಕೆ ಆಗ್ತದೆ ಅನ್ನುವ ಪ್ರಶ್ನೆಗೆ ಈ ಪ್ರಕರಣದಿಂದ ನಾನು ತೆಗೆದುಕೊಳ್ಳುದು ಎಂತ ಅಂದ್ರೆ, ಸಂಬಂಧ ಮಾತುಕತೆಗೆ ಬಾಗಿಲು ತೆರೀತದೆ, ಆದ್ರೆ ಬಾಗಿಲಿನ ಆಚೆ ಇರುವ ಲೆಕ್ಕವನ್ನು ಬದಲು ಮಾಡುದಿಲ್ಲ. 1914ರ ಜುಲೈ ಕೊನೆಯಲ್ಲಿ ಜರ್ಮನಿಯ ಕೈಸರ್ ಮತ್ತು ರಷ್ಯಾದ ಜಾರ್ ಸಂಬಂಧಿಕರಾಗಿ ಪ್ರೀತಿಯ ಹೆಸರಿಟ್ಟುಕೊಂಡು ಟೆಲಿಗ್ರಾಂ ಕಳಿಸಿಕೊಂಡ್ರು, ಯುದ್ಧ ನಿಲ್ಲಲಿಲ್ಲ. ಅದೇ 1903ರಲ್ಲಿ ಇಂಗ್ಲೆಂಡಿನ ಏಳನೇ ಎಡ್ವರ್ಡ್ ಪ್ಯಾರಿಸ್‌ಗೆ ಹೋಗಿ ಜನರ ಮನಸ್ಸು ಮೆತ್ತಗೆ ಮಾಡಿ ಬಂದ, 1904ರಲ್ಲಿ ಎರಡು ದೇಶದ ಒಪ್ಪಂದ ಆಯ್ತು, ಯಾಕಂದ್ರೆ ಒಪ್ಪಂದ ಎರಡೂ ಸರಕಾರಕ್ಕೆ ಮೊದಲೇ ಬೇಕಿತ್ತು. ಉಳ್ಳಾಲ ಬಂಗರ ಮದುವೆಯೂ ಹಾಗೆಯೇ. ಪೋರ್ಚುಗೀಸರ ವಿಷಯದಲ್ಲಿ ಇಬ್ಬರ ಹಿತ ಒಂದೇ ಇದ್ದಿದ್ರೆ ಒಡವೆ ವಾಪಸ್ ಹೋಗುವ ಪ್ರಮೇಯ ಬರ್ತಿರಲಿಲ್ಲ.

ಮತ್ತೊಂದು, ಇದು ನನಗೆ ಹೆಚ್ಚು ಮುಖ್ಯ. ಇಬ್ಬರ ನಡುವೆ ಜಗಳ ಬಂದಾಗ ಕೂರಿಸಿ ಮಾತಾಡಿಸುವ ಮೂರನೇ ಮನೆತನ ಒಂದು ಮುಂದೆ ಬಂದದ್ದು ಎಲ್ಲೂ ಕಾಣುದಿಲ್ಲ. ತುಳುನಾಡಿನಲ್ಲಿ ಅಷ್ಟು ಅರಸರಿದ್ರು, ಎಲ್ರೂ ಒಂದೇ ಬಸದಿಗೆ ಕೈ ಮುಗಿಯುವವರು, ಒಬ್ಬರಿಗೊಬ್ಬರು ನೆಂಟರು. ಹಿರಿಯರು ಅಂತ ಯಾರಾದ್ರೂ ನದಿ ದಾಟಿ ಹೋಗಿದ್ರೆ ಸೈನ್ಯ ಘಟ್ಟ ಇಳಿಯುವ ಅಗತ್ಯ ಇರಲಿಲ್ಲ. ಮುಂದೆ ಬಂದವ ವೆಂಕಟಪ್ಪ, ಅವನು ಪಂಚಾತಿಕೆಗೆ ಬಂದವ ಅಲ್ಲ. ಅವನ ಮೊಮ್ಮಗ ವೀರಭದ್ರ ನಾಯಕ 1629ರಲ್ಲಿ ಪಟ್ಟಕ್ಕೆ ಬಂದ, ಆಮೇಲೆ ಶಿವಪ್ಪ ನಾಯಕ 1650ರ ದಶಕದ ಮೊದಲಿಗೆ ಪೋರ್ಚುಗೀಸರ ಕೋಟೆಗಳನ್ನು, ಮಂಗಳೂರು ಸೇರಿ, ಒಂದೊಂದಾಗಿ ತೆಗೆದುಕೊಂಡ. ಚೌಟರೂ ಬಂಗರೂ ಪೂರ್ತಿ ಅಳಿದು ಹೋಗಲಿಲ್ಲ, ಕೆಳದಿಯವರ ಕೆಳಗೆ ಸಣ್ಣವರಾಗಿ ಉಳಿದ್ರು. ಬಂಗರ ವಂಶದ ಲಕ್ಷ್ಮಪ್ಪ ಬಂಗರಸನನ್ನು 1837ರ ಕಲ್ಯಾಣಸ್ವಾಮಿ ದಂಗೆಯಲ್ಲಿ ಸೇರಿದ್ದಕ್ಕೆ ಇಂಗ್ಲಿಷರು ಮಂಗಳೂರಲ್ಲೇ ಗಲ್ಲಿಗೆ ಹಾಕಿದ್ರು. ಪೋರ್ಚುಗೀಸರ ಮಿತ್ರರು ಅಂತ ಬಂಗರನ್ನು ಒಂದೇ ಮಾತಲ್ಲಿ ದ್ರೋಹಿ ಮಾಡುವವರು ಈ ಹೆಸರನ್ನೂ ನೆನಪಿಟ್ಟುಕೊಳ್ಬೇಕು.

ಈ ಇಡೀ ವಿಷಯದಲ್ಲಿ ನಮಗೆ ಸಿಕ್ಕುದು ಒಬ್ಬ ಇಟಲಿಯವನ ಪತ್ರಗಳು ಮತ್ತು ಪೋರ್ಚುಗೀಸರ ಕಾಗದ. ಉಳ್ಳಾಲದ ಕಡೆಯ ಮಾತು, ಬಂಗರ ಕಡೆಯ ಮಾತು ಅವರದ್ದೇ ಬಾಯಲ್ಲಿ ನಾವು ಕೇಳಿಲ್ಲ. ಚೌಟರು ಆಮೇಲೆ ಪುತ್ತಿಗೆ, ಮೂಡುಬಿದಿರೆ ಕಡೆ ಹೋದವರು, ಮೂಡುಬಿದಿರೆಯ ಅರಮನೆಯ ಮರದ ಕಂಬಗಳನ್ನು ನೋಡ್ಲಿಕ್ಕೆ ಜನ ಈಗಲೂ ಹೋಗ್ತಾರೆ, ಕೆತ್ತನೆ ನೋಡಿ ಫೋಟೋ ತೆಗೆದು ಬರ್ತಾರೆ. ಹಳೆ ಗುತ್ತಿನ ಮನೆಗಳಲ್ಲಿ, ಬೀಡುಗಳಲ್ಲಿ, ಬಸದಿಗಳಲ್ಲಿ ಓಲೆಗರಿ, ಕಡತ ಕಟ್ಟಿ ಇಟ್ಟವರು ಇದ್ದಾರೆ, ಕೆಲವರು ಪೂಜೆಗೆ ಇಟ್ಟು ಬಿಚ್ಚುದೇ ಇಲ್ಲ. ಅದು ನಿಮ್ಮದು, ನಿಮ್ಮ ಹತ್ತಿರವೇ ಇರಲಿ. ಒಂದು ಸಲ ಹಳೆ ಲಿಪಿ ಓದ್ಲಿಕ್ಕೆ ಬರುವವರನ್ನು ಮನೆಗೆ ಕರೆದು ಫೋಟೋ ತೆಗೆಸಿ ಇಡಿ, ಮಳೆಗಾಲದಲ್ಲಿ ಹುಳ ಹಿಡಿಯುವ ಮೊದಲು.